ಮೊದಲು ಊರು ಕೇಳು

ನಾಲ್ಕನೇ ಸಲ ಪರೀಕ್ಷೆಯ ಫಲಿತಾಂಶ ಬಂದ ದಿನ ನಾನು ಅವ್ವನ ಜೊತೆ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಫೋನಿನಲ್ಲಿ ನೋಡಿದೆ. ಪಾಸಾಗಿರಲಿಲ್ಲ. ಫೋನನ್ನು ಪಕ್ಕಕ್ಕಿಟ್ಟು ಮತ್ತೆ ಸುಲಿಯತೊಡಗಿದೆ. ಅವ್ವ ನನ್ನ ಮುಖ ನೋಡಿ ಇನ್ನಷ್ಟು ಕಾಯಿಯನ್ನು ನನ್ನ ಮುಂದೆ ಸುರಿದಳು. ಮೊದಲ ಸಲ ಫೇಲಾದಾಗ ಮೂರು ದಿನ ಊಟ ಬಿಟ್ಟಿದ್ದೆ. ಎರಡನೇ ಸಲ ಅತ್ತಿದ್ದೆ. ಮೂರನೇ ಸಲ ಅಪ್ಪನ ಮೇಲೆ ಕೂಗಾಡಿದ್ದೆ, ಯಾಕೆಂದು ಈಗ ನೆನಪಿಲ್ಲ. ನಾಲ್ಕನೇ ಸಲ ಏನೂ ಆಗಲಿಲ್ಲ. ಕಾಯಿ ಮುಗಿದ ಮೇಲೆ ಎದ್ದು ಸಿಪ್ಪೆಯನ್ನು ಹಸುವಿನ ಮುಂದೆ ಸುರಿದು ಬಂದೆ.

ನಾನು ಡಾಕ್ಟರ್ ಓದಿದ್ದು ಕಿರ್ಗಿಸ್ತಾನದಲ್ಲಿ. ಆರು ವರ್ಷ. ಹೊರದೇಶದಲ್ಲಿ ಓದಿ ಬಂದವರು ಇಲ್ಲಿ ಇನ್ನೊಂದು ಪರೀಕ್ಷೆ ಪಾಸು ಮಾಡಿದರೆ ಮಾತ್ರ ರೋಗಿಯನ್ನು ಮುಟ್ಟಬಹುದು. ಅಲ್ಲಿಯವರೆಗೆ ಕೈಯಲ್ಲಿ ಸರ್ಟಿಫಿಕೇಟು ಇರುತ್ತದೆ, ಅಷ್ಟೆ. ಕೆರಗೋಡಿನ ನಮ್ಮ ಬೀದಿಯಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳುವುದಕ್ಕಾಗುತ್ತಿರಲಿಲ್ಲ. ಅವರಿಗೆ ನಾನು ಡಾಕ್ಟ್ರಮ್ಮ. ಮಗುವಿನ ಬೆನ್ನಿನ ಗಂಧೆ ತೋರಿಸಲು ಬರುತ್ತಿದ್ದರು, ಬಿ.ಪಿ. ಮಾತ್ರೆಯ ಚೀಟಿ ಹಿಡಿದುಕೊಂಡು ಬರುತ್ತಿದ್ದರು. ಮಂಡ್ಯಕ್ಕೆ ಹೋಗಿ ತೋರಿಸಿ ಎಂದು ನಾನು ಹೇಳುತ್ತಿದ್ದೆ. ಬರುಬರುತ್ತಾ ಬರುವುದನ್ನು ನಿಲ್ಲಿಸಿದರು, ಆದರೆ ಡಾಕ್ಟ್ರಮ್ಮ ಅನ್ನುವುದನ್ನು ನಿಲ್ಲಿಸಲಿಲ್ಲ.

ಆಂಬುಲೆನ್ಸ್ ಕರೆಗಳನ್ನು ತೆಗೆದುಕೊಳ್ಳುವ ಕೇಂದ್ರಕ್ಕೆ ಜನ ಬೇಕು ಎಂಬ ಸುದ್ದಿ ತಂದವನು ಅಪ್ಪ. ಅಪ್ಪ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು, ಹಿಂದಿನ ವರ್ಷವಷ್ಟೇ ನಿವೃತ್ತನಾಗಿದ್ದ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಗೆ ಅವನು ಹೋಗದ ರೂಟಿಲ್ಲ. ಯಾರೋ ಹಳೆಯ ಪ್ರಯಾಣಿಕರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ಹೇಳಿದ್ದರಂತೆ. ಮಂಡ್ಯದಲ್ಲಿ ಒಂದು ಮಹಡಿ ಮೇಲೆ ಚಿಕ್ಕ ಕೇಂದ್ರ, ಮೂರು ತಾಲ್ಲೂಕುಗಳ ಕರೆಗಳು ಅಲ್ಲಿಗೆ ಬರುತ್ತವೆ, ಎರಡು ತಿಂಗಳು ಟ್ರೈನಿಂಗು.

"ಓಗ್ ನೋಡು ಮಗ," ಅಂದ ಅಪ್ಪ. "ಸುಮ್ಕೆ ಮನೇಲಿ ಕುಂತಿರೋದ್ಯಾಕೆ."

ಹೋದೆ. ಅಲ್ಲಿಯ ಅಧಿಕಾರಿ ನನ್ನ ಕಾಗದಗಳನ್ನು ತಿರುವಿ ಹಾಕಿ, "ನೀವು ಡಾಕ್ಟ್ರಾ?" ಎಂದು ಕೇಳಿದರು.

"ಅಲ್ಲ ಸರ್."

"ಇದರಲ್ಲಿ ಹಾಗಂತ ಇದೆಯಲ್ಲ."

"ಅಲ್ಲಿ ಡಾಕ್ಟ್ರು ಸರ್. ಇಲ್ಲಿ ಅಲ್ಲ."

ಅವರು ಕಾಗದಗಳನ್ನು ಜೋಡಿಸಿ ವಾಪಸು ಕೊಟ್ಟರು. ಪಿ.ಯು.ಸಿ. ಆಗಿದ್ದರೆ ಸಾಕಿತ್ತು ಈ ಕೆಲಸಕ್ಕೆ. ಸೋಮವಾರದಿಂದ ಬನ್ನಿ ಅಂದರು.

ನಾವು ಐದು ಜನ ಹೊಸಬರು. ಕಲಿಸುವವರು ಮಳವಳ್ಳಿಯವರು. ಆಸ್ಪತ್ರೆಗಳಲ್ಲಿ ನರ್ಸ್ ಆಗಿ ಕೆಲಸ ಮಾಡಿ, ಮಂಡಿ ನೋವು ಜಾಸ್ತಿಯಾಗಿ ಓಡಾಡಲಾಗದೆ ಈ ಕುರ್ಚಿಗೆ ಬಂದಿದ್ದ ದೊಡ್ಡ ವಯಸ್ಸಿನ ಹೆಂಗಸು. ಅವರನ್ನು ನಾವು ಮೇಡಂ ಅನ್ನುತ್ತಿದ್ದೆವು. ಮೊದಲ ದಿನ ಅವರು ಪಾಠವನ್ನೇ ಮಾಡಲಿಲ್ಲ. ಕೋಣೆಯ ಆ ಮೂಲೆಯಲ್ಲಿ ಹೋಗಿ ನಿಂತು ನನಗೆ ಫೋನ್ ಮಾಡಿದರು.

"ಅವ್ವಾ, ನಮ್ಮತ್ತೆ ಮಾತಾಡ್ತಾ ಇಲ್ಲ ಕಣವ್ವ. ಬಾಯಿ ಒಂಥರಾ ಆಗೋಗದೆ," ಎಂದು ಗಾಬರಿಯ ದನಿಯಲ್ಲಿ ಅಂದರು.

ಲಕ್ವ ಎಂದು ನನಗೆ ತಕ್ಷಣ ಗೊತ್ತಾಯಿತು. "ಎಷ್ಟು ಹೊತ್ತಾಯ್ತು? ಕೈ ಎತ್ತೋಕೆ ಆಗುತ್ತಾ? ಬಿ.ಪಿ. ಇದೆಯಾ, ಶುಗರ್ ಇದೆಯಾ? ಮಾತ್ರೆ ಏನು ತಗೋತಿದ್ದಾರೆ?" ಎಂದು ಒಂದರ ಹಿಂದೊಂದು ಕೇಳಿದೆ. ಅವರು ಎಲ್ಲಕ್ಕೂ ಉತ್ತರ ಕೊಟ್ಟರು. ಆಮೇಲೆ ಫೋನ್ ಕಟ್ ಮಾಡಿ ನನ್ನ ಹತ್ತಿರ ಕುಂಟುತ್ತಾ ಬಂದರು.

"ಚಾರ್ಜ್ ಮುಗೀತು ಕರೆ ಮಾಡಿದೋಳ ಫೋನಿಂದು. ಈಗ ಗಾಡೀನ ಎಲ್ಲಿಗೆ ಕಳುಸ್ತೀಯ?"

ನಾನು ಬರೆದುಕೊಂಡಿದ್ದ ಹಾಳೆ ನೋಡಿದೆ. ಅದರಲ್ಲಿ ಊರು ಇರಲಿಲ್ಲ.

"ಕಾಯಿಲೆ ಯಾವ್ದು ಅಂತ ಗೊತ್ತಾಯ್ತು ನಿಂಗೆ. ಯಾವ ಊರು ಅಂತ ಗೊತ್ತಾಗ್ಲಿಲ್ಲ. ಮೊದಲು ಊರು ಕೇಳು ಕಣಮ್ಮ. ಆಮೇಲೆ ಫೋನ್ ನಂಬರ್ರು. ಆಮೇಲೆ ಉಸಿರಾಡ್ತಾ ಅವರಾ ಅಂತ. ಮಿಕ್ಕಿದ್ದು ಆಮ್ಯಾಕೆ."

ಕೇಳಲು ಸುಲಭ. ಆದರೆ ನನ್ನ ಬಾಯಿಗೆ ಅದು ಬರುತ್ತಲೇ ಇರಲಿಲ್ಲ. ಆರು ವರ್ಷ ರೋಗಿಯ ಮುಂದೆ ನಿಂತು ನಾನು ಮೊದಲು ಕೇಳುತ್ತಿದ್ದುದು 'ಗ್ದ್ಯೆ ಬಲೀತ್' ಎಂದು. ರಷ್ಯನ್ ಭಾಷೆಯಲ್ಲಿ ಎಲ್ಲಿ ನೋವು ಎಂದರ್ಥ. ಅಲ್ಲಿಯ ಆಸ್ಪತ್ರೆಯ ಮುದುಕಿಯರು ದಪ್ಪ ಉಣ್ಣೆಯ ಬಟ್ಟೆಗಳನ್ನು ಒಂದೊಂದಾಗಿ ಬಿಚ್ಚಿ ತೋರಿಸುತ್ತಿದ್ದರು. ಊರು ಯಾವುದು ಎಂದು ಯಾವ ರೋಗಿಯನ್ನೂ ಕೇಳಿದ್ದಿಲ್ಲ, ಮುಂದೆಯೇ ಮಲಗಿರುತ್ತಿದ್ದರಲ್ಲ. ಇಲ್ಲಿ ರೋಗಿ ಕಾಣುವುದಿಲ್ಲ. ಮುಟ್ಟಿ ನೋಡುವುದಕ್ಕೆ ಏನೂ ಇಲ್ಲ. ಜೊತೆಗೆ ಕಲಿಯುತ್ತಿದ್ದ ಮದ್ದೂರಿನ ಹುಡುಗಿ ನನ್ನ ಮುಂದೆಯೇ ಎಲ್ಲ ಸರಿಯಾಗಿ ಕೇಳಿ ಮುಗಿಸುತ್ತಿದ್ದಳು. ಅವಳಿಗೆ ಕಾಯಿಲೆಯ ಬಗ್ಗೆ ಏನೂ ಗೊತ್ತಿರಲಿಲ್ಲ, ಅದೇ ಅವಳ ಅನುಕೂಲ. ಇದರಿಂದ ನನಗೆ ಅವಮಾನ ಆಗಬೇಕಿತ್ತು. ಆಗಲಿಲ್ಲ. ನಾಳೆ ಇನ್ನೊಮ್ಮೆ ಪ್ರಯತ್ನಿಸಬೇಕು ಎಂದುಕೊಂಡು ಬಸ್ಸು ಹತ್ತುತ್ತಿದ್ದೆ.

ಎರಡನೇ ಪಾಠ ನಾವು ಯಾರು ಎಂದು ಹೇಳುವುದು. ಕರೆ ಮಾಡಿದವರು ನೀವು ಡಾಕ್ಟ್ರಾ ಎಂದು ಕೇಳುತ್ತಾರೆ, ಹತ್ತರಲ್ಲಿ ನಾಲ್ಕು ಜನ ಕೇಳಿಯೇ ಕೇಳುತ್ತಾರೆ ಎಂದು ಮೇಡಂ ಹೇಳಿದರು. 'ನಾನು ಸಹಾಯ ಕೇಂದ್ರದ ಸಿಬ್ಬಂದಿ, ಗಾಡಿ ಬರುವವರೆಗೆ ಏನು ಮಾಡಬೇಕೆಂದು ಹೇಳುತ್ತೇನೆ' ಎನ್ನಬೇಕು. ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ.

"ಯಾಕೆ ಗೊತ್ತಾ?" ಎಂದು ನನ್ನ ಕಡೆ ನೋಡಿದರು. "ಡಾಕ್ಟ್ರು ಅಂದ್ಬುಟ್ರೆ ಗಾಡಿ ಬ್ಯಾಡ, ಮಾತ್ರೆ ಎಸ್ರು ಏಳಿ ಅಂತಾರೆ. ಆಸ್ಪತ್ರೆಗೆ ಓಗಾಕಿಲ್ಲ. ಫೋನೇ ಆಸ್ಪತ್ರೆ ಆಯ್ತದೆ."

ನಾನು ತಲೆಯಾಡಿಸಿದೆ. ಡಾಕ್ಟರ್ ಅಲ್ಲ ಎನ್ನುವುದು ನನಗೆ ಕಷ್ಟದ ಮಾತೇನಲ್ಲ ಎಂದುಕೊಂಡೆ.

ಊರುಗಳನ್ನು ಕಲಿಸಿದವನು ಅಪ್ಪ. ನಮ್ಮ ಕಡೆ ಹೊಸಹಳ್ಳಿ, ಹೊಸದೊಡ್ಡಿ ಎಂಬ ಹೆಸರಿನ ಊರುಗಳು ತಾಲ್ಲೂಕಿಗೊಂದೆರಡು ಸಿಗುತ್ತವೆ. ಕರೆ ಮಾಡಿದವರು ಗಾಬರಿಯಲ್ಲಿ ಬರೀ ದೊಡ್ಡಿ ಎಂದುಬಿಡುತ್ತಾರೆ. ಸ್ಕ್ರೀನಿನ ಮೇಲೆ ಅದೇ ಹೆಸರು ನಾಲ್ಕು ಸಾಲು ಬಂದು ನಿಲ್ಲುತ್ತದೆ. ಹೋಬಳಿ ಕೇಳಿದರೆ ಹೆಂಗಸರು ಎಷ್ಟೋ ಸಲ ತಡವರಿಸುತ್ತಾರೆ. ಒಂದು ಭಾನುವಾರ ಊಟಕ್ಕೆ ಕೂತಾಗ ಇದನ್ನು ಹೇಳಿದೆ. ಅಪ್ಪ ಮುದ್ದೆ ಮುರಿಯುತ್ತಾ, "ಓಬ್ಳಿ ಯಾಕೆ ಕೇಳ್ತೀಯ," ಅಂದ. "ನಿಮ್ಮೂರ್ಗೆ ಯಾವೂರ್ ಬಸ್ಸು ಬತ್ತದೆ ಅಂತ ಕೇಳು. ಎಲ್ಲಿ ಇಳೀತೀರಿ ಅಂತ ಕೇಳು. ಅದು ಗೊತ್ತಿಲ್ದೋರು ಯಾರೂ ಇಲ್ಲ."

ಅವತ್ತಿನಿಂದ ದಿನಾ ಸಂಜೆ ಅಪ್ಪ ನನಗೆ ಒಂದು ರೂಟು ಹೇಳತೊಡಗಿದ. ಗೇಟು ಎಂದರೆ ಮುಖ್ಯರಸ್ತೆಯಿಂದ ಊರಿಗೆ ತಿರುಗುವ ಸ್ಟಾಪು. ಯಾವ ಗೇಟಿನಿಂದ ಯಾವ ಊರಿಗೆ ದಾರಿ, ಎಲ್ಲಿ ನಾಲೆ ದಾಟಬೇಕು, ಎಲ್ಲಿ ಸೇತುವೆ ಕಿರಿದು, ಹನಕೆರೆಯಲ್ಲಿ ಇಳಿದು ಎತ್ತ ನಡೆಯಬೇಕು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ನಾನು ಮಾಡುವ ಕೆಲಸವನ್ನು ಅವನು ಯಾರಿಗೂ ಹೆಸರಿಟ್ಟು ಹೇಳುತ್ತಿರಲಿಲ್ಲ, ಆಸ್ಪತ್ರೆ ಕೆಲಸ ಎನ್ನುತ್ತಿದ್ದ. ಆದರೆ ರೂಟು ಹೇಳುವಾಗ ಅವನ ದನಿ ಬದಲಾಗುತ್ತಿತ್ತು, ಬಸ್ಸಿನ ಬಾಗಿಲಲ್ಲಿ ನಿಂತು ಊರು ಕೂಗುವವನ ಹಾಗೆ.

ಐದನೇ ವಾರ ನಮ್ಮನ್ನು ಗಾಡಿಗಳ ಜೊತೆ ಕಳಿಸಿದರು. ನನಗೆ ಮದ್ದೂರಿನ ಗಾಡಿ. ಡ್ರೈವರು ನಡುವಯಸ್ಸಿನವರು, ಶಿಂಷಾ ಸೇತುವೆಯ ಆಚೆಗಿನ ಹಳ್ಳಿಯವರು. ಎರಡನೇ ದಿನ ಬೆಳಿಗ್ಗೆ ಒಬ್ಬಳು ಮುದುಕಿ ಬಿದ್ದು ಸೊಂಟ ಮುರಿದುಕೊಂಡಿದ್ದಾಳೆ ಎಂಬ ಕರೆಗೆ ಹೊರಟೆವು. ಕಬ್ಬಿನ ಗದ್ದೆಗಳ ನಡುವೆ ದಾರಿ. ಎರಡೂ ಕಡೆ ಆಳೆತ್ತರದ ಕಬ್ಬು, ಏನೂ ಕಾಣುವುದಿಲ್ಲ. ಆಲೆಮನೆ ಪಕ್ಕದ ಮನೆ ಎಂದು ಚೀಟಿಯಲ್ಲಿತ್ತು. ಆಲೆಮನೆ ಒಂದಲ್ಲ, ಮೂರು ಸಿಕ್ಕವು. ಮೂರೂ ಕಡೆ ಇಳಿದು ಕೇಳಿದೆವು. ಡ್ರೈವರು ಗಾಡಿಯನ್ನು ಹಿಂದಕ್ಕೆ ತಿರುಗಿಸಲು ಜಾಗವಿಲ್ಲದೆ ಎರಡು ಸಲ ಗದ್ದೆಯ ಬದುವಿನವರೆಗೆ ಹಿಮ್ಮುಖವಾಗಿಯೇ ಬಂದರು.

"ನೋಡ್ಕಳಿ," ಅಂದರು ನನಗೆ, ಸಿಟ್ಟಿಲ್ಲದ ದನಿಯಲ್ಲಿ. "ನೀವಲ್ಲಿ ಕುಂತ್ಕಂಡು ಒಂದ್ ಮಾತು ಕಮ್ಮಿ ಕೇಳುದ್ರೆ ನಾವಿಲ್ಲಿ ಊರೆಲ್ಲ ಸುತ್ಬೇಕು."

ಕೊನೆಗೆ ಮನೆ ಸಿಕ್ಕಾಗ ಮುದುಕಿ ಅಂಗಳದಲ್ಲಿ ಬಿದ್ದಲ್ಲೇ ಇದ್ದಳು. ಬಿಸಿಲು ಅವಳ ಮೇಲೆ ಬಂದಿತ್ತು. ಯಾರೋ ತಲೆಯ ಹತ್ತಿರ ಒಂದು ಛತ್ರಿ ಬಿಚ್ಚಿಟ್ಟಿದ್ದರು. ಅವಳ ಕಾಲು ಹೊರಕ್ಕೆ ತಿರುಗಿದ್ದು ನೋಡಿಯೇ ಎಲ್ಲಿ ಮುರಿದಿದೆ ಎಂದು ನನಗೆ ತಿಳಿಯಿತು. ಗಾಡಿಯಲ್ಲಿದ್ದ ಸಹಾಯಕರು ಅವಳನ್ನು ಹಲಗೆಗೆ ಕಟ್ಟಿ ಎತ್ತಿದರು. ನಾನು ಛತ್ರಿ ಮಡಚಿ ಅವಳ ಸೊಸೆಯ ಕೈಗೆ ಕೊಟ್ಟೆ. ಆ ವಾರ ನಾನು ಮಾಡಿದ್ದರಲ್ಲಿ ನೆನಪಿರುವುದು ಅದೊಂದೇ.

ಆರನೇ ವಾರದಿಂದ ನಿಜವಾದ ಕರೆಗಳು. ಪಕ್ಕದಲ್ಲಿ ಮೇಡಂ ಇನ್ನೊಂದು ಹೆಡ್‌ಫೋನ್ ಹಾಕಿಕೊಂಡು ಎಲ್ಲ ಕೇಳಿಸಿಕೊಳ್ಳುತ್ತಿದ್ದರು, ಮಾತಾಡುತ್ತಿರಲಿಲ್ಲ. ತಪ್ಪಿದರೆ ಪೆನ್ಸಿಲ್ಲಿನಿಂದ ಮೇಜನ್ನು ಒಮ್ಮೆ ಕುಟ್ಟುತ್ತಿದ್ದರು. ಜ್ವರ, ಹೆರಿಗೆ ನೋವು, ಬೈಕಿನಿಂದ ಬಿದ್ದವರು, ಸುಮ್ಮನೆ ನಂಬರ್ ಒತ್ತಿದವರು. ಒಬ್ಬರು ಅಳುತ್ತಿದ್ದರು, ಒಬ್ಬರು ಬೈಯುತ್ತಿದ್ದರು. ನಾನು ಊರು ಕೇಳುತ್ತಿದ್ದೆ. ಬಸ್ಸು ಕೇಳುತ್ತಿದ್ದೆ. ಗಾಡಿ ಹೊರಟ ಮೇಲೆ ಸ್ಕ್ರೀನು ಖಾಲಿಯಾಗುತ್ತಿತ್ತು, ಅವರಿಗೆ ಏನಾಯಿತು ಎಂದು ಗೊತ್ತಾಗುತ್ತಿರಲಿಲ್ಲ. ಮದ್ದೂರಿನ ಹುಡುಗಿ ಮಧ್ಯಾಹ್ನ ಊಟದ ಡಬ್ಬಿ ತೆಗೆದು ಹಾಗೆಯೇ ಮುಚ್ಚಿಡುತ್ತಿದ್ದಳು. ನಾನು ಪೂರ್ತಿ ಊಟ ಮಾಡುತ್ತಿದ್ದೆ. ಮೇಡಂ ಇದನ್ನು ಗಮನಿಸಿ, "ನಿಂಗೆ ಎದೆ ಗಟ್ಟಿ ಅದೆ," ಎಂದು ಒಮ್ಮೆ ಹೇಳಿದರು. ಗಟ್ಟಿಯಾಗಿತ್ತೋ, ಅಲ್ಲಿ ಏನೂ ಇರಲಿಲ್ಲವೋ, ನನಗೇ ತಿಳಿದಿರಲಿಲ್ಲ.

ಆ ಕರೆ ಬಂದದ್ದು ಒಂದು ಗುರುವಾರ, ಬೆಳಗಿನ ಹತ್ತು ಗಂಟೆ ದಾಟಿತ್ತು. ಚಿಕ್ಕ ವಯಸ್ಸಿನ ಹೆಂಗಸಿನ ದನಿ, ಓಡಿ ಬಂದ ಏದುಸಿರು.

"ನಮ್ಮಕ್ಕುಂಗೆ ಉಳ ಮುಟ್ಬುಡ್ತು. ಬ್ಯಾಗ ಬನ್ನಿ."

ಒಂದು ಕ್ಷಣ ನಾನು ನಿಜವಾಗಿಯೂ ಹುಳ ಎಂದೇ ತಿಳಿದೆ. ಜೇನು, ಕಣಜ, ಅಲರ್ಜಿ ಎಂದು ತಲೆ ಓಡಿತು. ಆಮೇಲೆ ಅವ್ವನ ದನಿ ನೆನಪಾಯಿತು. ನಮ್ಮ ಮನೆಯಲ್ಲಿ ಹಾವಿನ ಹೆಸರು ಎತ್ತುತ್ತಿರಲಿಲ್ಲ, ಹುಳ ಎಂದೇ ಅನ್ನುತ್ತಿದ್ದರು. ಮುಟ್ಟಿತು ಎಂದರೆ ಕಚ್ಚಿತು.

"ಯಾವ ಊರಮ್ಮ?"

"ಒಸದೊಡ್ಡಿ."

"ನಿಮ್ಮೂರಿಗೆ ಯಾವ ಊರಿನ ಬಸ್ಸು ಬರುತ್ತೆ?"

"ಮಳವಳ್ಳಿ ಬಸ್ಸು ಕಣಕ್ಕ."

"ಎಲ್ಲಿ ಇಳೀತೀರಿ?"

ಅವಳು ಒಂದು ಗೇಟಿನ ಹೆಸರು ಹೇಳಿದಳು. ಅಪ್ಪ ಹಿಂದಿನ ವಾರ ಹೇಳಿದ್ದ ರೂಟಿನಲ್ಲಿ ಅದು ಇತ್ತು. ಸ್ಕ್ರೀನಿನಲ್ಲಿ ಸರಿಯಾದ ಸಾಲನ್ನು ಒತ್ತಿದೆ, ಗಾಡಿಗೆ ಸಂದೇಶ ಹೋಯಿತು. ಮನೆಯೋ ಗದ್ದೆಯೋ ಎಂದು ಕೇಳಿದೆ. ಕಬ್ಬಿನ ತರಗು ತೆಗೆಯುತ್ತಿದ್ದಾಗ ಕಾಲಿಗೆ ಕಚ್ಚಿದೆ, ಹೊತ್ತುಕೊಂಡು ಬಂದು ಮನೆ ಮುಂದೆ ಮಲಗಿಸಿದ್ದೇವೆ ಎಂದಳು. ಇಲ್ಲಿಯವರೆಗೆ ಪೆನ್ಸಿಲ್ಲು ಕುಟ್ಟಲಿಲ್ಲ.

"ಉಸಿರಾಡ್ತಾ ಇದ್ದಾರಾ?"

"ಊಂ. ಆದ್ರೆ ಕಣ್ ಬುಡ್ತಾ ಇಲ್ಲ. ನಿದ್ದೆ ಬತ್ತದೆ ಅಂತಾಳೆ. ಮಾತು ತೊದಲ್ತಾ ಅದೆ."

ಪುಸ್ತಕದಲ್ಲಿ ಓದಿದ್ದು ಹಾಗೆ ಹಾಗೆಯೇ ಕಣ್ಣ ಮುಂದೆ ಬಂತು. ಮೊದಲು ರೆಪ್ಪೆ ಬೀಳುತ್ತದೆ, ಆಮೇಲೆ ನಾಲಿಗೆ, ಗಂಟಲು, ಕೊನೆಗೆ ಉಸಿರು. ನಾನು ಓದಿದ ಊರಿನಲ್ಲಿ ಇಂಥ ಹಾವುಗಳಿಲ್ಲ. ಇಂಥ ಒಬ್ಬ ರೋಗಿಯನ್ನೂ ನೋಡಿರಲಿಲ್ಲ.

ಅಷ್ಟರಲ್ಲಿ ಒಬ್ಬ ಗಂಡಸು ಫೋನ್ ತೆಗೆದುಕೊಂಡ. ಹಾವು ಕಚ್ಚಿದವಳ ಗಂಡನ ಅಣ್ಣ. ಗಂಡ ಮಂಡ್ಯಕ್ಕೆ ಕೆಲಸಕ್ಕೆ ಹೋಗಿದ್ದನಂತೆ.

"ಎಷ್ಟೊತ್ತಾಯ್ತದೆ ನಿಮ್ ಗಾಡಿ? ಪಕ್ಕದೂರಲ್ಲಿ ನಾಟಿ ಔಸ್ತಿ ಕೊಡೋರು ಔರೆ. ಬೈಕಲ್ ಕೂರುಸ್ಕಂಡು ಓಯ್ತೀವಿ."

"ಬೇಡ. ಗಾಡಿ ಹೊರಟಿದೆ. ಅವರನ್ನ ಅಲುಗಾಡಿಸಬೇಡಿ. ಒಂದು ಮಗ್ಗುಲಿಗೆ ಮಲಗಿಸಿ."

"ಏ, ನಮ್ಮಪ್ಪುನ್ ಕಾಲ್ದಿಂದ ಅಲ್ಲೇ ಓಯ್ತಿರೋದು. ನೀನ್ಯಾರವ್ವ ಏಳಾಕೆ? ಡಾಕ್ಟ್ರಾ?"

ಹಿಂದೆ ಬೈಕು ಸ್ಟಾರ್ಟ್ ಮಾಡುವ ಸದ್ದು ಕೇಳಿಸಿತು. ಹೇಳಬೇಕಾದ ವಾಕ್ಯ ನನಗೆ ಬಾಯಿಪಾಠವಾಗಿತ್ತು.

"ಹೌದು," ಅಂದೆ. "ನಾನು ಡಾಕ್ಟ್ರು. ಅವರನ್ನ ಬೈಕಲ್ಲಿ ಕೂರಿಸಿದ್ರೆ ದಾರೀಲೇ ಉಸಿರು ನಿಲ್ಲುತ್ತೆ. ಬೈಕ್ ಆಫ್ ಮಾಡಿಸಿ."

ಪೆನ್ಸಿಲ್ಲು ಮೇಜಿಗೆ ಬಡಿಯಿತು.  ಬೈಕಿನ ಸದ್ದು ನಿಂತಿತು.

"ಏನ್ ಮಾಡ್ಬೇಕು ಏಳಿ," ಅಂದರು ಅವರು. ಅಲ್ಲಿಯವರೆಗೆ ಅವರಿಗೆ ನಾನು 'ನೀನು' ಆಗಿದ್ದೆ, ಈಗ 'ನೀವು' ಆದೆ.

ಕಾಲಿಗೆ ಹಗ್ಗ ಬಿಗಿದಿದ್ದೇವೆ ಎಂದರು, ಅದನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿ ಎಂದೆ. ಕೊಯ್ಯಬೇಡಿ, ಏನೂ ಹಚ್ಚಬೇಡಿ, ಕಾಲುಂಗುರ ತೆಗೆಯಿರಿ, ಕಾಲಿಗೆ ಕೋಲು ಆನಿಸಿ ಬಟ್ಟೆಯಿಂದ ಸುತ್ತಿ. ಬಾಯಲ್ಲಿ ಎಲೆಯಡಿಕೆ ಇದ್ದರೆ ತೆಗೆದುಬಿಡಿ. ಒಬ್ಬರು ಗೇಟಿನ ಹತ್ತಿರ ಹೋಗಿ ನಿಂತು ಗಾಡಿಗೆ ದಾರಿ ತೋರಿಸಲಿ. ಅವರು ಎಲ್ಲವನ್ನೂ ಮಾಡಿದರು, ಮಾಡಿದ್ದನ್ನು ಒಂದೊಂದಾಗಿ ಒಪ್ಪಿಸಿದರು. ಗಾಡಿ ಬಂದಾಗ ಅವಳಿಗೆ ಉಸಿರು ಕಡಿಮೆಯಾಗುತ್ತಿತ್ತು. ಗಾಡಿಯ ಸಹಾಯಕರು ದಾರಿಯುದ್ದಕ್ಕೂ ಉಸಿರಿನ ಚೀಲ ಒತ್ತಿ ಗಾಳಿ ಕೊಡುತ್ತಾ ಕರೆದುಕೊಂಡು ಹೋದರು ಎಂದು ಆಮೇಲೆ ತಿಳಿಯಿತು.

ಕರೆ ಮುಗಿದ ಮೇಲೆ ಮೇಡಂ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

"ನೀರು ಕುಡಿ ಮೊದ್ಲು."

ಕುಡಿದೆ.

"ಯಾಕೆ ಅಂಗಂದೆ?"

"ಗೊತ್ತಿಲ್ಲ ಮೇಡಂ."

"ನಾನು ಬರೀಲೇಬೇಕಾಯ್ತದೆ ಇದ್ನ."

"ಬರೀರಿ ಮೇಡಂ."

ಅವರು ಬರೆದರು. ಮರುದಿನ ಅಧಿಕಾರಿ ನನ್ನನ್ನು ಕರೆದು ಲಿಖಿತ ವಿವರಣೆ ಕೊಡಿ ಎಂದರು. ಅಲ್ಲೇ ನಿಂತು ಎರಡು ಸಾಲು ಬರೆದೆ: ಕೇಳಿದಾಗ ಹೌದು ಎಂದೆ, ಅದು ನಿಯಮಕ್ಕೆ ವಿರುದ್ಧ ಎಂದು ಗೊತ್ತಿತ್ತು. ಅವರು ಓದಿ ಕನ್ನಡಕ ತೆಗೆದರು. "ಆ ಹೆಣ್ಣುಮಗಳು ಉಳಿದಿದ್ದಾಳೆ. ಉಸಿರಿನ ಯಂತ್ರದ ಮೇಲಿದ್ದಾಳೆ, ಆದರೆ ಉಳೀತಾಳಂತೆ. ಅದು ಬೇರೆ, ನೀವು ಹೇಳಿದ್ದು ಬೇರೆ," ಎಂದರು. ನನ್ನ ಟ್ರೈನಿಂಗನ್ನು ಇನ್ನೊಂದು ತಿಂಗಳು ಮುಂದುವರಿಸಿದರು. ಉಳಿದ ನಾಲ್ವರು ಒಬ್ಬೊಬ್ಬರೇ ತಮ್ಮ ಕುರ್ಚಿಗಳಿಗೆ ಹೋದರು. ನಾನು ಮೇಡಂ ಪಕ್ಕದಲ್ಲೇ ಉಳಿದೆ.

ಮನೆಯಲ್ಲಿ ಹೇಳಿದಾಗ ಅವ್ವ, "ನೀನು ಡಾಕ್ಟ್ರೇ ಅಲ್ವಾ ಮತ್ತೆ," ಅಂದಳು.  ಅಪ್ಪ ಆ ದಿನ ರೂಟು ಹೇಳಲಿಲ್ಲ. ಒಂದು ಜೀವ ಉಳಿಸಿದೆ ಎಂಬ ಸಂತೋಷ ನನಗೂ ಬರಬೇಕಿತ್ತು ಎಂದು ಆಗ ಯೋಚಿಸಿದ್ದು ನೆನಪಿದೆ. ಶಿಕ್ಷೆ ಸಿಕ್ಕಿತೆಂಬ ಬೇಸರವಾದರೂ ಬರಬೇಕಿತ್ತು. ಹಾಸಿಗೆಯಲ್ಲಿ ಮಲಗಿ ಎರಡಕ್ಕೂ ಕಾದೆ. ಯಾವುದೂ ಬರದೆ ನಿದ್ದೆ ಬಂತು.

ಮೂರು ವಾರ ಕಳೆದಿರಬಹುದು. ಆ ಹೆಂಗಸನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದರೆಂದು ಮೇಡಂ ಹೇಳಿದ್ದರು. ಒಂದು ಬೆಳಿಗ್ಗೆ ಮದ್ದೂರಿನ ಹುಡುಗಿ ತನ್ನ ಕುರ್ಚಿಯಿಂದಲೇ ಹಿಂದಕ್ಕೆ ತಿರುಗಿ, "ಯಾರೋ ಡಾಕ್ಟ್ರಮ್ಮನ್ನ ಕೊಡಿ ಅಂತಾ ಅವ್ರೆ. ಇಲ್ಲಿ ಯಾರೂ ಡಾಕ್ಟ್ರಿಲ್ಲ ಅಂದ್ರೂ ಕೇಳ್ತಿಲ್ಲ," ಎಂದಳು. ಮೇಡಂ ನನ್ನನ್ನು ನೋಡಿದರು. ಆಮೇಲೆ ಆ ಕರೆಯನ್ನು ನಮ್ಮ ಮೇಜಿಗೆ ಹಾಕಿಸಿ, "ನೀನೇ ಮಾತಾಡು," ಅಂದರು.

ಅದೇ ದನಿ. ಗಂಡನ ಅಣ್ಣ.

"ಅಮ್ಮಾ, ನೀವೇ ತಾನೆ? ಎಲ್ಡ್ ದಿನದಿಂದ ಮಾಡ್ತಾ ಇವ್ನಿ. ಬ್ಯಾರೆಯೋರು ಎತ್ತಾರೆ, ಕಟ್ ಮಾಡ್ತೀನಿ. ಅವತ್ತು ಕಚ್ಚಿತ್ತಲ್ಲ, ಆ ಕಾಲ್ಬೆರಳು ಕರ್ರಗಾಗದೆ. ವಾಸ್ನೆ ಬತ್ತಾ ಅದೆ. ಏನ್ ಔಸ್ತಿ ಆಕ್ಬೇಕು ಏಳಿ."

"ಆಸ್ಪತ್ರೆಗೆ ಯಾಕೆ ಕರಕೊಂಡು ಹೋಗ್ಲಿಲ್ಲ?"

"ನಿಮ್ನ ಒಂದ್ ಮಾತು ಕೇಳ್ಬುಟ್ಟು ಓಗಣ ಅಂತ."

ಮೇಡಂ ಪೆನ್ಸಿಲ್ಲನ್ನು ಮುಟ್ಟಲಿಲ್ಲ. ಕೈ ಕಟ್ಟಿ ಕೂತಿದ್ದರು. ನನ್ನನ್ನು ಕೇಳಲೆಂದೇ ಎರಡು ದಿನ ಕಳೆದುಹೋಗಿತ್ತು.

"ನೋಡಿ, ನಾನು ಡಾಕ್ಟ್ರಲ್ಲ," ಅಂದೆ.

"ಆಂ?"

"ನಾನು ಇಲ್ಲಿ ಫೋನ್ ತೆಗೆಯೋಳು. ಡಾಕ್ಟರ್ ಓದಿದ್ದೀನಿ, ಆದರೆ ಡಾಕ್ಟ್ರಲ್ಲ. ಅವತ್ತು ಹೌದು ಅಂದಿದ್ದು ತಪ್ಪು."

"ಅಂಗಾರೆ ಸುಳ್ಳೇಳುದ್ರಾ?"

"ಹೌದು."

 ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

"ಇರ್ಲಿ ಬುಡಿ," ಅಂದರು. "ಈಗೇನ್ ಮಾಡಾದು?"

"ಅವರನ್ನ ಅಡ್ಮಿಟ್ ಮಾಡಿದ್ದ ಆಸ್ಪತ್ರೆಗೇ ಈಗಲೇ ಕರಕೊಂಡು ಹೋಗಿ. ನಾಳೆ ಅನ್ನಬೇಡಿ. ನಾನು ಗಾಡಿ ಕಳಿಸ್ತೀನಿ. ನೀವು ಗೇಟಿನ ಹತ್ರ ಬಂದು ನಿಲ್ಲಿ."

"ಆಯ್ತು," ಎಂದು ಫೋನ್ ಇಟ್ಟರು. ಗಾಡಿ ಕಳಿಸಿದೆ. ಆಮೇಲೆ ಎದ್ದು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತೆ. ಕೆಳಗೆ ರಸ್ತೆಯಲ್ಲಿ ಕಬ್ಬಿನ ಲಾರಿಗಳು ಸಾಲಾಗಿ ನಿಂತಿದ್ದವು.  ಅವುಗಳನ್ನು ಎಣಿಸುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಮೇಡಂ ಬಾಗಿಲಿಗೆ ಬಂದು ನಿಂತರು. ಮಂಡಿ ನೋವಿನಿಂದ ಅವರಿಗೆ ಮೆಟ್ಟಿಲ ಮೇಲೆ ಕೂರಲಾಗುತ್ತಿರಲಿಲ್ಲ.

"ಅವತ್ತು ನೀನು ಅಂಗನ್ದೇ ಇದ್ದಿದ್ರೆ ಅವ್ಳು ಇರ್ತಿರ್ಲಿಲ್ಲ," ಅಂದರು. "ಅದೂ ನಿಜ, ಇದೂ ನಿಜ. ನಾನು ಬರೆದಿದ್ದೂ ಸರೀನೇ. ಒಳಕ್ಕೆ ಬಾ, ಕಾಲು ಬತ್ತಾ ಅವೆ."

ಅವರು ಫೋನಿನ ಕಾಲ್ ಎನ್ನುವುದನ್ನು ಕಾಲು ಎಂದೇ ಅನ್ನುತ್ತಿದ್ದರು. ನಾನು ಒಳಗೆ ಹೋದೆ.

ಆ ಹೆಂಗಸಿನ ಎರಡು ಬೆರಳನ್ನು ತೆಗೆಯಬೇಕಾಯಿತು. ಇದನ್ನು ತಿಳಿಸಿದವರೂ ಮೇಡಂ. ಆಸ್ಪತ್ರೆಯಲ್ಲಿ ಅವರಿಗೆ ಪರಿಚಯದ ನರ್ಸ್ ಇದ್ದರು. ಎರಡು ದಿನ ಮೊದಲು ಬಂದಿದ್ದರೆ ಬೆರಳು ಉಳಿಯುತ್ತಿದ್ದವೇ ಎಂದು ನಾನು ಕೇಳಲಿಲ್ಲ. ಉಳಿಯಬಹುದಿತ್ತು, ಉಳಿಯದೆಯೂ ಇರಬಹುದಿತ್ತು. ಅಷ್ಟನ್ನು ನಾನೂ ಓದಿದ್ದೇನೆ.

ಶನಿವಾರ ಶಿಫ್ಟು ಮುಗಿಸಿ ಅವಳಿದ್ದ ವಾರ್ಡಿಗೆ ಹೋದೆ. ಹೋಗಲೇಬೇಕೆಂದೇನೂ ಅನಿಸಿರಲಿಲ್ಲ, ಬಸ್‌ಸ್ಟ್ಯಾಂಡಿಗೆ ನಡೆಯುತ್ತಿದ್ದವಳು ಅತ್ತ ತಿರುಗಿದೆ. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಕಾಲಿಗೆ ಬಿಳಿ ಬಟ್ಟೆ ಸುತ್ತಿದ್ದರು. ಹಾಸಿಗೆಯ ಮೇಲೆ ಕೂತು ಬನ್ನನ್ನು ಚಹಾದಲ್ಲಿ ಅದ್ದಿಕೊಂಡು ತಿನ್ನುತ್ತಿದ್ದಳು. ಪಕ್ಕದಲ್ಲಿ ಮೊದಲು ಫೋನ್ ಮಾಡಿದ್ದ ಅವಳ ಓರಗಿತ್ತಿ. ನಾನು ಮಾತಾಡಿದ ಕೂಡಲೇ ಓರಗಿತ್ತಿಗೆ ದನಿ ಗುರುತಾಯಿತು. ಎದ್ದು ನಿಂತು ಸ್ಟೂಲು ಕೊಟ್ಟಳು.

"ನಂಗೇನೂ ಗ್ಯಾನ ಇಲ್ಲ ಕಣಕ್ಕ," ಅಂದಳು ಹಾಸಿಗೆಯ ಮೇಲಿದ್ದವಳು. "ನಿದ್ದೆ ಬತ್ತಾ ಇತ್ತು ಅಷ್ಟೆಯ. ಎಲ್ರೂ ಯಾಕ್ ಕೂಗಾಡ್ತಾ ಔರೆ, ಮಲುಗಾಕೂ ಬುಡಾಕಿಲ್ವಲ್ಲ ಅನ್ನುಸ್ತಿತ್ತು."

"ನನ್ನಿಂದ ನೀವು ತಡವಾಗಿ ಬರೋ ಹಾಗಾಯ್ತು," ಎಂದೆ.

ಅವಳಿಗೆ ಅದು ಅರ್ಥವಾದಂತೆ ಕಾಣಲಿಲ್ಲ. ಅಥವಾ ಆಗಿದ್ದೂ ಬಿಟ್ಟಳು. "ಎಲ್ಡ್ ಬೆಳ್ಳು ಇಲ್ದಿದ್ರೆ ಚಪ್ಲಿ ನಿಲ್ತದಾ?" ಎಂದು ಕೇಳಿದಳು. "ಗದ್ದೆಗೆ ಇಳೀಬೇಕಲ್ಲ ನಾನು."

ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಕೊಂಡರೆ ನಿಲ್ಲುತ್ತದೆ, ಗದ್ದೆಗೆ ಹೋಗುವಾಗ ಬೂಟು ಹಾಕಿಕೊಳ್ಳಿ ಎಂದೆ. ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಓರಗಿತ್ತಿ ಕೇಳಿದಳು. ಹೇಳಿದೆ. ನೋವಿದೆಯಾ ಎಂದು ಕೇಳಬೇಕೆನಿಸಿತು, ಕೇಳಿದೆ. ಇದೆ, ಇಲ್ಲದ ಬೆರಳೇ ನೋಯುತ್ತದೆ ಎಂದಳು. ಹಾಗೆ ಆಗುತ್ತದೆ, ಆಮೇಲೆ ಹೋಗುತ್ತದೆ ಎಂದೆ. ಅವಳು ತಲೆಯಾಡಿಸಿ ಉಳಿದ ಬನ್ನನ್ನು ನನ್ನ ಕಡೆ ಚಾಚಿದಳು. ಅರ್ಧ ಮುರಿದುಕೊಂಡು ತಿಂದೆ.

ಕೆರಗೋಡಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮಂಡ್ಯ ದಾಟುವುದರೊಳಗೆ ನಿದ್ದೆ ಬಂದಿರಬೇಕು. ಕಂಡಕ್ಟರ್ ಊರು ಕೂಗಿದ್ದು ಕೇಳಲೇ ಇಲ್ಲ. ಕಣ್ಣು ಬಿಟ್ಟಾಗ ಬಸ್ಸು ನಮ್ಮೂರು ಬಿಟ್ಟು ಮುಂದೆ ಹೋಗಿತ್ತು. ಇಳಿದು ವಾಪಸು ನಡೆಯತೊಡಗಿದೆ. ಹೊತ್ತು ಇನ್ನೂ ಮುಳುಗಿರಲಿಲ್ಲ. ರಸ್ತೆಯ ಪಕ್ಕದ ಗದ್ದೆಗಳಿಗೆ ನೀರು ಬಿಟ್ಟಿದ್ದರು, ನಾಟಿ ಮುಗಿಸಿದ ಹೆಂಗಸರು ಬದುವಿನ ಮೇಲೆ ಕಾಲು ತೊಳೆದುಕೊಳ್ಳುತ್ತಿದ್ದರು. ಮನೆ ತಲುಪುವ ಹೊತ್ತಿಗೆ ಕಾಲು ಬಿದ್ದುಹೋಗುವಷ್ಟು ನೋಯುತ್ತಿತ್ತು. ಜಗುಲಿಯ ಮೇಲೆ ಕೂತು ಚಪ್ಪಲಿ ಬಿಚ್ಚಿದೆ. ತುಂಬಾ ದಿನಗಳ ಮೇಲೆ ಮೈಯಲ್ಲಿ ಏನೋ ನೋಯುತ್ತಿದೆ ಎಂದು ಗೊತ್ತಾಗಿತ್ತು.

"ಫಾರಂ ತುಂಬುದ್ಯಾ?" ಎಂದು ಅವ್ವ ಒಳಗಿನಿಂದ ಕೇಳಿದಳು. ಐದನೇ ಸಲದ ಪರೀಕ್ಷೆಯ ಅರ್ಜಿ. ಫೋನ್ ತೆಗೆದು ನೋಡಿದೆ. ಕೊನೆಯ ದಿನ ಆ ವಾರವೇ ಕಳೆದುಹೋಗಿತ್ತು.

"ಇಲ್ಲ ಕಣವ್ವ. ಮರ್ತೋಯ್ತು."

ಅವಳು ಬಾಗಿಲಿಗೆ ಬಂದು ನನ್ನ ಮುಖವನ್ನೂ ಕಾಲನ್ನೂ ನೋಡಿದಳು. ಬಿಸಿನೀರು ಕಾಯಿಸುತ್ತೇನೆ ಎಂದು ಒಳಗೆ ಹೋದಳು.

ಮುಂದಿನ ತಿಂಗಳು ನನಗೂ ಒಂದು ಕುರ್ಚಿ ಕೊಟ್ಟರು. ಪಕ್ಕದಲ್ಲಿ ಯಾರೂ ಇಲ್ಲದೆ ನಾನು ತೆಗೆದುಕೊಂಡ ಮೊದಲ ಕರೆ ಹನಕೆರೆ ಸ್ಟೇಷನ್ನಿನಿಂದ ಬಂದಿತ್ತು. ಪ್ಲಾಟ್‌ಫಾರಂ ಮೇಲೆ ಒಬ್ಬರು ತಲೆ ಸುತ್ತಿ ಬಿದ್ದಿದ್ದರು. ಕರೆ ಮಾಡಿದಾತ ನಾನು ಕೇಳುವ ಮುಂಚೆಯೇ ಊರು ಹೇಳಿದ, ನಂಬರು ಹೇಳಿದ, ಬಿದ್ದವರು ಎದ್ದು ಕೂತಿದ್ದಾರೆ, ನೀರು ಕುಡಿಯುತ್ತಿದ್ದಾರೆ ಎಂದೂ ಹೇಳಿದ. ಗಾಡಿ ಬೇಕಾ ಎಂದು ಕೇಳಿದೆ. ಅವರನ್ನೇ ಕೇಳುತ್ತೇನೆ ಎಂದು ಆತ ಫೋನನ್ನು ದೂರ ಹಿಡಿದ. ನಾನು ಕಾಯುತ್ತಾ ಕೂತೆ. ರೈಲು ಬರುವ ಸದ್ದು ಕೇಳಿಸಿತು.

"ಬ್ಯಾಡ್ವಂತೆ ಮೇಡಂ," ಅಂದ ಆತ. "ರೈಲತ್ತಿ ಮಂಡ್ಯಕ್ಕೇ ಬತ್ತಾರಂತೆ."

ಇಳಿದ ಕೂಡಲೇ ಆಸ್ಪತ್ರೆಗೆ ಹೋಗಿ ತೋರಿಸಬೇಕು, ಒಬ್ಬರೇ ಹೋಗಬಾರದು, ಜೊತೆಗೆ ನೀವು ಹತ್ತುತ್ತೀರಾ ಎಂದು ಕೇಳಿದೆ.

"ನಾನೂ ಮಂಡ್ಯಕ್ಕೇ ಓಯ್ತಿರೋದು," ಎಂದು ಆತ ಫೋನ್ ಇಟ್ಟ.